ನಮ್ಮ ರೊಟ್ಟಿಯ ಹಿಟ್ಟು ಬಂದದ್ದು ಎಲ್ಲಿಂದ?



ನಮ್ಮ ಭಾಗದ ಸಿಸ್ಟರ್ ಒಬ್ಬರು ಸೇವೆಗೆಂದು ತಾಂಜಾನಿಯಾದ ದೊದೊಮಾ ಕಡೆಯ ಹಳ್ಳಿಯೊಂದಕ್ಕೆ ಹೋದರು. ಬೀಳ್ಕೊಡುವ ದಿನ ನಾವು ಯುವಕರು ತಮಾಷೆ ಮಾಡಿದ್ದೆವು: "ಸಿಸ್ಟರ್, ಅಲ್ಲಿ ತಿನ್ನೋಕೆ ಏನು ಸಿಗುತ್ತೆ? ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿ. ಬಿಸಿಲಿಗೆ ಕಪ್ಪಾಗಿ ಬಂದರೆ ನಾವು ಗುರುತು ಹಿಡಿಯಲ್ಲ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಎರಡು ತಿಂಗಳ ಮೇಲೆ ಅವರ ಸಂದೇಶ ಬಂತು. ಮೊದಲ ವಾರ ಅಡುಗೆಮನೆಯಲ್ಲಿ ಅವರೇ ಚಿಕ್ಕ ಮಗುವಂತೆ ಆಗಿದ್ದರಂತೆ. ಮೂರು ಕಲ್ಲಿನ ಒಲೆ, ಸೌದೆ, ದೂರದಿಂದ ಹೊತ್ತು ತರುವ ನೀರು. ಕುದಿಯುವ ನೀರಿಗೆ ಹಿಟ್ಟು ಹಾಕಿ, 'ಮ್ವಿಕೊ' ಎಂಬ ಮರದ ಸೌಟಿನಿಂದ ಗಟ್ಟಿಯಾಗಿ ತಿರುವಿ 'ಉಗಾಲಿ' ಮಾಡಬೇಕು. ಅವರು ಮಾಡಿದ್ದು ಗಂಟು ಗಂಟಾಯಿತು. ಊರಿನ ಹೆಂಗಸರು ನಕ್ಕು, ಕೈ ಹಿಡಿದು ಕಲಿಸಿದರು. ಕೊನೆಗೆ ಬರೆದಿದ್ದರು: "ತಟ್ಟೆಯಲ್ಲಿ ನೋಡಿದರೆ ನಮ್ಮ ಜೋಳದ ಮುದ್ದೆ! ಇಲ್ಲಿಯವರು ಜೋಳಕ್ಕೆ ಮ್ತಾಮ ಅನ್ನುತ್ತಾರೆ. ಸೊಪ್ಪಿನ ಪಲ್ಯದ ಜೊತೆ ತಿಂದೆ, ಅಮ್ಮನ ನೆನಪಾಯಿತು."

ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿದ್ದು ಆಗ ನನಗೆ ನೆನಪಾಯಿತು. ಸಿಸ್ಟರ್ ಕಂಡದ್ದು ಬರೀ ಹೋಲಿಕೆಯಲ್ಲ, ನೆಂಟಸ್ತಿಕೆ.

ಜೋಳ ನಮ್ಮ ನೆಲದಲ್ಲಿ ಹುಟ್ಟಿದ ಬೆಳೆಯಲ್ಲ. ಈಗಿನ ಸುಡಾನ್ ದೇಶದ ಪೂರ್ವಭಾಗದಲ್ಲಿ ಸುಮಾರು 5000 ವರ್ಷಗಳ ಹಿಂದೆಯೇ ರೈತರು ಕಾಡುಜೋಳವನ್ನು ಪಳಗಿಸಿದ್ದರು. ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡಿನದು. ಸಜ್ಜೆ ಪಶ್ಚಿಮ ಆಫ್ರಿಕಾದ ಮರುಭೂಮಿಯ ಅಂಚಿನದು. ಅಲಸಂದೆಯೂ ಆಫ್ರಿಕಾದ್ದೇ. ರೊಟ್ಟಿಯ ಜೊತೆ ನಾವು ಚಪ್ಪರಿಸುವ ಪುಂಡಿಪಲ್ಯದ ಪುಂಡಿಯ ಮೂಲವೂ ಅಲ್ಲೇ. ಸಾರಿಗೆ ಹಾಕುವ ಹುಣಸೆಯ ತವರೂ ಅದೇ ಖಂಡ.

ಇವು ಬರುವ ಮೊದಲು ನಮ್ಮ ಪೂರ್ವಜರು ಏನು ತಿನ್ನುತ್ತಿದ್ದರು? ಬಳ್ಳಾರಿ ಪಕ್ಕದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳು ಅದನ್ನು ಹೇಳುತ್ತವೆ: ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು. ಆಮೇಲೆ ಸಮುದ್ರ ದಾಟಿ, ಕೈಯಿಂದ ಕೈಗೆ ಆಫ್ರಿಕಾದ ಬೀಜಗಳು ಬಂದವು. ಆ ಚೀಲ ಹೊತ್ತು ತಂದವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಬಂದ ಬೀಜ ಇಲ್ಲಿ ಹೊಸ ಬದುಕು ಕಲಿಯಿತು. ಆದೋನಿ, ಆಲೂರು, ಹೊಳಗುಂದ ಸುತ್ತಿನ ಎರೆಭೂಮಿ ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳವನ್ನು ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತುತ್ತೇವೆ. ಆಮೇಲೆ ಮಳೆ ಬಾರದಿದ್ದರೂ ಅದು ನೆಲದ ತೇವದಲ್ಲೇ ಬೆಳೆಯುತ್ತದೆ. ಬೇರು ಆಳಕ್ಕೆ ಇಳಿಯುತ್ತದೆ, ಎಲೆಯ ಮೇಲಿನ ಮೇಣ ನೀರನ್ನು ಕಾಯುತ್ತದೆ. ಬರ ಬಂದರೆ ಗಿಡ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ, ಹನಿ ಬಿದ್ದರೆ ಮತ್ತೆ ಚಿಗುರುತ್ತದೆ. ಇಂಥ ಅತಿಥಿ ಇಲ್ಲದಿದ್ದರೆ ನಮ್ಮ ಒಣಸೀಮೆಯ ಬದುಕು ಇನ್ನೂ ಕಷ್ಟವಾಗುತ್ತಿತ್ತು.

ಬೀಜ ಮಾತ್ರವಲ್ಲ, ಆಫ್ರಿಕಾದ ಮನುಷ್ಯರೂ ನಮ್ಮೂರಿಗೆ ಬಂದಿದ್ದಾರೆ. 17ನೇ ಶತಮಾನದಲ್ಲಿ ಆದೋನಿ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದಾಗ ಇಲ್ಲಿನ ಅಧಿಪತಿ ಸಿದ್ದಿ ಮಸೂದ್ ಖಾನ್. ಅವನು ಹಬಶಿ, ಅಂದರೆ ಅಬಿಸೀನಿಯಾ ಮೂಲದವನು. ಅವನಿಗಿಂತ ಮೊದಲು ಆದೋನಿಯನ್ನು ಬಹುಕಾಲ ಆಳಿದ ಮಲಿಕ್ ರಹಮಾನ್ ಖಾನನೂ ಹಬಶಿಯೇ. ಕರ್ನೂಲಿನ ಅಧಿಪತಿಯಾಗಿದ್ದು, 1660ರಲ್ಲಿ ಪನ್ಹಾಳ ಕೋಟೆಯಲ್ಲಿ ಶಿವಾಜಿಯನ್ನು ಮುತ್ತಿದ ಸಿದ್ದಿ ಜೌಹರ್ ಕೂಡ ಅದೇ ಮೂಲದವನು. ಮಸೂದ್ ಖಾನ್ ಬಿಜಾಪುರ ರಾಜ್ಯದ ಆಡಳಿತವನ್ನೇ ಕೆಲವು ವರ್ಷ ನಡೆಸಿದ. ನಾವು ದಿನಾ ನೋಡುವ ಆದೋನಿಯ ಜಾಮಿಯಾ ಮಸೀದಿ ಕಟ್ಟಿಸಿದವನು ಅವನೇ. 1688ರಲ್ಲಿ ಔರಂಗಜೇಬನ ಸೈನ್ಯ ಕೋಟೆ ಮುತ್ತಿದಾಗ, ಫಿರಂಗಿಗಳು ಮಸೀದಿಯತ್ತ ತಿರುಗಿದ ಕೂಡಲೇ ಅದು ಹಾಳಾಗುವುದನ್ನು ನೋಡಲಾರದೆ ಅವನು ಶರಣಾದ ಎಂಬ ಕಥೆಯಿದೆ.

ಆದರೆ ಹಬಶಿಗಳಲ್ಲಿ ಸರದಾರರಾದವರು ಕೆಲವರು ಮಾತ್ರ. ಹೆಚ್ಚಿನವರು ಗುಲಾಮರಾಗಿ ಬಂದವರು. ಅಹಮದ್‌ನಗರದ ಪ್ರಸಿದ್ಧ ಮಲಿಕ್ ಅಂಬರ್ ಕೂಡ ಬಾಲ್ಯದಲ್ಲಿ ಮಾರಾಟವಾದವನು. ಇದರಲ್ಲಿ ನಾವು ಕ್ರೈಸ್ತರು ಒಪ್ಪಿಕೊಳ್ಳಬೇಕಾದ ಸತ್ಯವೂ ಇದೆ. ಗೋವಾದ ಪೋರ್ಚುಗೀಸರು ಪ್ರಾರ್ಥನೆ ಮಾಡುತ್ತಲೇ ಆಫ್ರಿಕಾದ ಜನರನ್ನು ಕೊಂಡು ಮಾರಿದರು. ಅಲ್ಲಿಂದ ಘಟ್ಟದ ಕಾಡು ಸೇರಿದವರ ಮಕ್ಕಳೇ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿಗಳಲ್ಲಿ ಬಹಳ ಮಂದಿ. ಅವರಲ್ಲಿ ಹಿಂದೂಗಳು, ಮುಸ್ಲಿಮರು ಇದ್ದಾರೆ. ನಮ್ಮಂತೆ ಬಲಿಪೂಜೆಗೆ ಹೋಗುವ ಕಥೋಲಿಕರೂ ಇದ್ದಾರೆ. ಕನ್ನಡ, ಕೊಂಕಣಿ ಮಾತಾಡುವ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಆದರೂ "ನೀವು ಯಾವ ದೇಶದವರು?" ಎಂಬ ಪ್ರಶ್ನೆ ಅವರಿಗೆ ತಪ್ಪಿಲ್ಲ.

ನಮ್ಮ ತಮಾಷೆ ಎಲ್ಲಿಂದ ಬಂತೆಂದು ಈಗ ಯೋಚಿಸುತ್ತೇನೆ. ಕಪ್ಪು ಬಣ್ಣವನ್ನು ಕಂಡು ನಗುವುದನ್ನು ನಾವು ಎಲ್ಲೋ ಕಲಿತೆವು. ಹಾಗೆಯೇ ಜೋಳವನ್ನು ಕೀಳಾಗಿ ನೋಡುವುದನ್ನೂ ಕಲಿತೆವು. 1983ರಲ್ಲಿ ಎನ್‌ಟಿಆರ್ ಸರ್ಕಾರ ಕಿಲೋಗೆ 2 ರೂಪಾಯಿಯ ಅಕ್ಕಿ ಕೊಟ್ಟಿತು. ಬಡವರ ಹಸಿವು ತಣಿಸಿದ ಒಳ್ಳೆಯ ಕೆಲಸ ಅದು. ಆದರೆ ಕ್ರಮೇಣ ಅನ್ನ ಗೌರವದ ಊಟವಾಯಿತು, ರೊಟ್ಟಿ ಬಡವರ ಊಟವಾಯಿತು. ಶಾಲೆಯಲ್ಲಿ ರೊಟ್ಟಿ ಡಬ್ಬಿಯನ್ನು ಮುಚ್ಚಿಕೊಂಡು ತಿಂದವರಲ್ಲಿ ನಾನೂ ಒಬ್ಬ.

ಪವಿತ್ರಗ್ರಂಥ ನೋಡಿ. ಯೇಸುಸ್ವಾಮಿಯ ಶಿಲುಬೆಗೆ ಹೆಗಲು ಕೊಟ್ಟ ಸಿಮೋನ ಉತ್ತರ ಆಫ್ರಿಕಾದ ಸಿರೇನ್ ಊರಿನವನು. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿ ರಥದಲ್ಲಿ ಕುಳಿತು ಯೆಶಾಯನ ಪ್ರವಾದನೆ ಓದುತ್ತಿದ್ದವನು ಐಥಿಯೋಪಿಯದ ಅಧಿಕಾರಿ. ಫಿಲಿಪ್ಪನು ಅವನ ಬಣ್ಣ ಕೇಳಲಿಲ್ಲ. ರಥ ಹತ್ತಿ ಪಕ್ಕದಲ್ಲಿ ಕುಳಿತನು. ಯುರೋಪಿನ ಬಹುಪಾಲು ಜನ ಯೇಸುವಿನ ಹೆಸರು ಕೇಳುವ ಮೊದಲೇ ಆಫ್ರಿಕಾದವನೊಬ್ಬ ದೀಕ್ಷಾಸ್ನಾನ ಪಡೆದಿದ್ದ.

ನಮ್ಮ ಊರುಗಳಿಂದ ಪ್ರತಿವರ್ಷ ಎಷ್ಟೋ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ಗೊತ್ತಿಲ್ಲದ ಊರಿನಲ್ಲಿ ಒಲೆ ಹೂಡುವ ಕಷ್ಟ ನಮ್ಮ ತಾಯಂದಿರಿಗೆ ಗೊತ್ತು. ಅಂಥಲ್ಲಿ ಒಂದು ಕೊಡ ನೀರು ಕೊಟ್ಟವರನ್ನು ಅವರು ಜೀವನಪೂರ್ತಿ ನೆನೆಯುತ್ತಾರೆ.

ಸಿಸ್ಟರ್‌ಗೆ ನಾನು ಉತ್ತರ ಬರೆದೆ, ಅಂದಿನ ತಮಾಷೆಗೆ ಕ್ಷಮೆ ಕೇಳಿದೆ. ಅವರು ಕಳಿಸಿದ ಉತ್ತರ ಒಂದೇ ಸಾಲು: "ಬಾ, ಉಗಾಲಿ ತಿರುವೋದು ಕಲಿಸ್ತೀನಿ."

ಇವತ್ತು ರಾತ್ರಿ ಮನೆಯಲ್ಲಿ ರೊಟ್ಟಿ ಮುರಿದು ಊಟದ ಪ್ರಾರ್ಥನೆ ಹೇಳುವಾಗ, ಆ ಬೀಜವನ್ನು ಮೊದಲು ಬಿತ್ತಿದ ಆಫ್ರಿಕಾದ ಕೈಗಳಿಗಾಗಿಯೂ ದೇವರಿಗೆ ಒಂದು ಕೃತಜ್ಞತೆ ಹೇಳೋಣ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.