ಕರುಳಿನ ಲೆಕ್ಕ: ತೆಗೆದವರು ಮತ್ತು ಎಣಿಸಿದವರು

ಊಟ ಮಾಡ್ತಾ ಕೇಳ್ತಿದ್ರೆ ಒಂದು ನಿಮಿಷ ಪಾಸ್ ಮಾಡಿ, ಕೈ ತೊಳ್ಕೊಂಡು ಬನ್ನಿ. ಯಾಕಂದ್ರೆ ಇವತ್ತಿನ ವಿಷಯ ದೊಡ್ಡ ಕರುಳು.

ನಮ್ಮ ಚಿಕ್ಕಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಮೂರು ವರ್ಷದ ಹಿಂದೆ ಅವರ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ತು. ಒಂದು ಭಾಗ ಕತ್ತರಿಸಿ ತೆಗೀಬೇಕು ಅಂದ್ರು. ಸಹಿ ಹಾಕುವ ಫಾರಂ ಮುಂದೆ ಇಟ್ಟಾಗ ಚಿಕ್ಕಪ್ಪ ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ್ರು: "ಸಾರ್, ನೂರು ಜನಕ್ಕೆ ಇದನ್ನ ಮಾಡಿದ್ರೆ ಎಷ್ಟು ಜನ ಮನೆಗೆ ಹೋಗ್ತಾರೆ?"

ಚಿಕ್ಕಮ್ಮನಿಗೆ ಮುಜುಗರ. ಡಾಕ್ಟರನ್ನ ಹಾಗೆಲ್ಲ ಕೇಳ್ತಾರಾ ಅಂತ ಕಣ್ಣಲ್ಲೇ ಗದರಿಸಿದ್ರು. ಡಾಕ್ಟರ್ ಮಾತ್ರ ಸಿಟ್ಟಾಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, ಒಂದು ಹಾಳೆಯ ಮೇಲೆ ಅಂಕಿ ಬರೆದು ವಿವರಿಸಿದ್ರು. ಚಿಕ್ಕಪ್ಪ ಅದನ್ನ ಎರಡು ಸಲ ಓದಿ ಸಹಿ ಹಾಕಿದ್ರು.

ನಾನು ಬಿಕಾಂ ಓದಿದ್ದು, ಮೆಡಿಕಲ್ ಅಲ್ಲ. ನನ್ನ ತಲೆಗೆ ಬಂದಿದ್ದು ಕಾಮರ್ಸಿನವರ ಪ್ರಶ್ನೆ: ಆ ಹಾಳೆಯ ಮೇಲಿನ ಅಂಕಿಯನ್ನ ಮೊದಲು ಎಣಿಸಿದವರು ಯಾರು? ಆಡಿಟ್ ಮಾಡಿದವರು ಯಾರು? ಹುಡುಕ್ತಾ ಹೋದಾಗ ನೂರು ವರ್ಷದ ಹಿಂದಿನ ಒಂದು ಕಥೆ ಸಿಕ್ತು. ಅದನ್ನೇ ಇವತ್ತು ಹೇಳ್ತೀನಿ.

ಕಥೆ ಶುರುವಾಗೋದು ಲಂಡನ್ನಿನಲ್ಲಿ. 1900ರ ಆಸುಪಾಸು. ಗೈಸ್ ಆಸ್ಪತ್ರೆಯಲ್ಲಿ ವಿಲಿಯಂ ಆರ್ಬತ್‌ನಾಟ್ ಲೇನ್ ಅಂತ ಒಬ್ಬ ಸರ್ಜನ್. ನಕಲಿ ವೈದ್ಯ ಅಂದ್ಕೋಬೇಡಿ. ಮುರಿದ ಮೂಳೆಗೆ ಲೋಹದ ಪ್ಲೇಟು ಹಾಕಿ ಕೂಡಿಸೋದನ್ನ ಬೆಳೆಸಿದವರಲ್ಲಿ ಮೊದಲಿಗ. ಕೈಚಳಕಕ್ಕೆ ದೊಡ್ಡ ಹೆಸರು.

ಆ ಕಾಲದಲ್ಲಿ ಒಂದು ಸಿದ್ಧಾಂತ ಬಹಳ ಓಡ್ತಿತ್ತು. ಮಲಬದ್ಧತೆ ಆದ್ರೆ ಕರುಳಲ್ಲಿ ವಿಷ ಹುಟ್ಟುತ್ತೆ, ಅದು ರಕ್ತ ಸೇರಿ ಮೈಯನ್ನೆಲ್ಲ ಕೆಡಿಸುತ್ತೆ ಅಂತ. ಇಂಗ್ಲಿಷಿನಲ್ಲಿ ಅದಕ್ಕೆ ಆಟೋಇಂಟಾಕ್ಸಿಕೇಷನ್ ಅಂತ ಹೆಸರು. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿದ್ದ, 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕೋಫ್ ಕೂಡ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳನ್ನ ಅನುಮಾನದಿಂದಲೇ ನೋಡ್ತಿದ್ದ. ಅವನು ಅದಕ್ಕೆ ಸೂಚಿಸಿದ ಮದ್ದು ಹುಳಿ ಮೊಸರು. ಮೊಸರನ್ನ ಉಂಡು ಬೆಳೆದವರು ನಾವು, ಅಷ್ಟಕ್ಕೆ ನಿಲ್ಲಿಸಿದ್ದಿದ್ರೆ ಚೆನ್ನಾಗಿತ್ತು. ಲೇನ್ ಚಾಕು ತಗೊಂಡ. ಹಳೆಯ ಮಲಬದ್ಧತೆ ಇದ್ದವರ, ಅದರಲ್ಲೂ ಹೆಚ್ಚಾಗಿ ಹೆಂಗಸರ, ದೊಡ್ಡ ಕರುಳನ್ನೇ ತೆಗೆದು ಸಣ್ಣ ಕರುಳಿನ ತುದಿಯನ್ನ ಕೆಳಗಡೆ ಜೋಡಿಸೋಕೆ ಶುರು ಮಾಡಿದ. ಕ್ಯಾನ್ಸರ್ ಇಲ್ಲ, ಹುಣ್ಣು ಇಲ್ಲ. ಸುಸ್ತು, ತಲೆನೋವು, ಮಲಬದ್ಧತೆ, ಅಷ್ಟೇ.

1919ರಲ್ಲಿ ಅಮೆರಿಕದ ವಾಲ್ಟರ್ ಅಲ್ವಾರೆಜ್ ಈ ಸಿದ್ಧಾಂತಕ್ಕೆ ಒಂದು ಸರಳ ಪ್ರಶ್ನೆ ಹಾಕಿದ. ಹೊಟ್ಟೆ ಖಾಲಿಯಾದ ಕೂಡಲೇ ತಲೆನೋವು ಹೋಗುತ್ತಲ್ಲ, ವಿಷ ರಕ್ತದಲ್ಲಿದ್ರೆ ಅಷ್ಟು ಬೇಗ ಹೇಗೆ ಹೋಗುತ್ತೆ? ಕರುಳು ಉಬ್ಬಿ ನರಗಳ ಮೇಲೆ ಆಗುವ ಒತ್ತಡದಿಂದ ತಲೆನೋವು ಬರುತ್ತೆ, ವಿಷದಿಂದಲ್ಲ ಅನ್ನೋದು ಅವನ ವಾದ. ಲೇನ್ ಕೂಡ ಕೊನೆಕೊನೆಗೆ ಚಾಕು ಕೆಳಗಿಟ್ಟು, ಹೊಟ್ಟು ತಿನ್ನಿ, ಸೊಪ್ಪು ತರಕಾರಿ ತಿನ್ನಿ ಅಂತ ಪ್ರಚಾರ ಮಾಡ್ಕೊಂಡು ಓಡಾಡಿದ.

ಆದ್ರೆ ಅಷ್ಟರಲ್ಲಿ ಐಡಿಯಾ ಸಮುದ್ರ ದಾಟಿತ್ತು.

ಅಮೆರಿಕದ ನ್ಯೂಜೆರ್ಸಿ ರಾಜ್ಯ, ಟ್ರೆಂಟನ್ ಊರು. ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗೆ 1907ರಲ್ಲಿ ಹೆನ್ರಿ ಕಾಟನ್ ಅನ್ನೋನು ಮುಖ್ಯಸ್ಥನಾಗಿ ಬಂದ. ಬಂದವನೇ ರೋಗಿಗಳನ್ನ ಕಟ್ಟಿ ಹಾಕೋದನ್ನ ನಿಲ್ಲಿಸಿದ. ಒಳ್ಳೆಯ ಕೆಲಸ. ಅವನ ಸಿದ್ಧಾಂತ ಕೂಡ ಪೂರ್ತಿ ಗಾಳಿಯಿಂದ ಬಂದಿದ್ದಲ್ಲ. ಒಂದು ಬಗೆಯ ಹುಚ್ಚಿಗೆ ಸಿಫಿಲಿಸ್ ರೋಗಾಣುವೇ ಕಾರಣ ಅಂತ 1913ರಲ್ಲಿ ಗೊತ್ತಾಗಿತ್ತು, ಸತ್ತವರ ಮಿದುಳಿನಲ್ಲೇ ಅದು ಸಿಕ್ಕಿತ್ತು. ಕಾಟನ್ ಅಲ್ಲಿಂದ ಒಂದೇ ನೆಗೆತ ನೆಗೆದ: ಎಲ್ಲ ಹುಚ್ಚಿಗೂ ಸೋಂಕೇ ಕಾರಣ, ಮೈಯಲ್ಲಿ ಎಲ್ಲೋ ಅಡಗಿದೆ, ಹುಡುಕಿ ಕಿತ್ತು ಹಾಕಿದ್ರೆ ಹುಚ್ಚು ಬಿಡುತ್ತೆ.

ಮೊದಲು ಹಲ್ಲು ಕಿತ್ತ. ಆಮೇಲೆ ಟಾನ್ಸಿಲ್. ಗುಣ ಆಗ್ಲಿಲ್ವಾ? ಹಾಗಾದ್ರೆ ಸೋಂಕು ಇನ್ನೂ ಒಳಗಿದೆ ಅಂತ ಅರ್ಥ. ಹೊಟ್ಟೆ ಕೊಯ್ದು ದೊಡ್ಡ ಕರುಳು ತೆಗೆದ. ನೆನಪಿಡಿ, ಆಗ ಪೆನಿಸಿಲಿನ್ ಇರಲಿಲ್ಲ. ಮತ್ತೆ ಇವರು ಮಾನಸಿಕ ರೋಗಿಗಳು. ಬೇಡ ಅಂದ್ರೂ ಕೇಳೋರಿಲ್ಲ. ನಮ್ಮ ಚಿಕ್ಕಪ್ಪನ ಹಾಗೆ ಪೆನ್ನು ಹಿಡಿದು ಪ್ರಶ್ನೆ ಕೇಳುವ ಅವಕಾಶ ಅವರಿಗಿರಲಿಲ್ಲ.

ಕಾಟನ್ ಘೋಷಿಸಿಕೊಂಡಿದ್ದು: ನೂರರಲ್ಲಿ 85 ಜನ ಗುಣ. ಪತ್ರಿಕೆಗಳು ಹೊಗಳಿದವು. 1921ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ, ಅದೇ ವರ್ಷ ಪುಸ್ತಕ. ದೂರದೂರದಿಂದ ಮನೆಯವರು ರೋಗಿಗಳನ್ನ ಕರ್ಕೊಂಡು ಬಂದ್ರು. ಅದೇ ಕಾಟನ್, ಕರುಳಿನ ಆಪರೇಷನ್ ಆದವರಲ್ಲಿ ಸುಮಾರು ನೂರಕ್ಕೆ 30 ಜನ ಸಾಯ್ತಾರೆ ಅಂತಾನೂ ಬರೆದಿದ್ದ. ಅದು ರೋಗಿಗಳ ಮೈಸ್ಥಿತಿ ಮೊದಲೇ ಕೆಟ್ಟಿದ್ದರಿಂದ ಅನ್ನೋದು ಅವನ ಸಮಜಾಯಿಷಿ. ಎರಡು ಅಂಕಿಯನ್ನೂ ಜನ ಓದಿದ್ರು. ನಂಬಿದ್ದು ಮಾತ್ರ ಮೊದಲನೇದನ್ನ.

ಇಲ್ಲಿ ಬರ್ತಾಳೆ ನನ್ನ ಈ ಎಪಿಸೋಡಿನ ಹೀರೋಯಿನ್. ಫಿಲಿಸ್ ಗ್ರೀನಕರ್. ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಮನೋವೈದ್ಯೆ, ಆಗ ಮೂವತ್ತು ವರ್ಷ, ಹೆಚ್ಚುಕಡಿಮೆ ನನ್ನ ವಯಸ್ಸು. ಅವಳ ಬಾಸ್ ಅಡಾಲ್ಫ್ ಮೇಯರ್, ಅಮೆರಿಕದ ಮನೋವೈದ್ಯರಲ್ಲೇ ಅತಿ ದೊಡ್ಡ ಹೆಸರು, ಕಾಟನ್‌ಗೂ ಗುರು. 1924ರಲ್ಲಿ ಮೇಯರ್ ಅವಳನ್ನ ಟ್ರೆಂಟನ್‌ಗೆ ಕಳಿಸಿದ. ಕೆಲಸ ಒಂದೇ: ಕಾಟನ್‌ನ ಲೆಕ್ಕ ಪರಿಶೀಲಿಸು.

ಆಡಿಟ್ ಪಾಠ ಓದಿದವರಿಗೆ ಗೊತ್ತಿರುತ್ತೆ, ಬುಕ್ಕಲ್ಲಿ ಬರೆದಿದ್ದನ್ನ ನಂಬಬಾರದು, ವೋಚರ್ ನೋಡಬೇಕು, ಗೋಡೌನಿಗೆ ಹೋಗಿ ಮೂಟೆ ಎಣಿಸಬೇಕು. ಗ್ರೀನಕರ್ ಮಾಡಿದ್ದು ಅದನ್ನೇ. ಆಸ್ಪತ್ರೆಯ ದಾಖಲೆಗಳು ಅಸ್ತವ್ಯಸ್ತ, ಒಂದು ಕಡೆಯ ಅಂಕಿ ಇನ್ನೊಂದು ಕಡೆ ತಾಳೆ ಆಗ್ತಿರಲಿಲ್ಲ. ಅವಳು ರೋಗಿಗಳನ್ನೇ ಹುಡುಕಿಕೊಂಡು ಹೋದಳು. ಬಿಡುಗಡೆಯಾದವರ ಮನೆಬಾಗಿಲಿಗೂ ಹೋಗಿ ಮಾತಾಡಿಸಿದಳು. ವಾರ್ಡಿನಲ್ಲಿದ್ದ ಎಷ್ಟೋ ಜನಕ್ಕೆ ಹಲ್ಲೇ ಇರಲಿಲ್ಲ. ಮಾತು ಸ್ಪಷ್ಟ ಬರ್ತಿರಲಿಲ್ಲ, ಕೊಟ್ಟ ಊಟ ಅಗಿಯೋಕೂ ಆಗ್ತಿರಲಿಲ್ಲ.

ಒಂದು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ ಅವಳು ಕಂಡುಕೊಂಡಿದ್ದು ಇದು: ಗುಣವಾದವರ ಗುಂಪಿನಲ್ಲಿ ಇದ್ದವರು ಅತಿ ಕಡಿಮೆ ಚಿಕಿತ್ಸೆ ಪಡೆದವರು. ಅತಿ ಹೆಚ್ಚು ಚಿಕಿತ್ಸೆ ಪಡೆದವರು ಗುಣವಾಗದವರ ಮತ್ತು ಸತ್ತವರ ಗುಂಪಿನಲ್ಲಿದ್ರು. ಕರುಳಿನ ಆಪರೇಷನ್‌ನ ಸಾವು ಕಾಟನ್ ಒಪ್ಪಿಕೊಂಡಿದ್ದಕ್ಕಿಂತಲೂ ಜಾಸ್ತಿ ಇತ್ತು.

ಈಗ ಏನಾಗಬೇಕಿತ್ತು? ವರದಿ ಪ್ರಕಟ ಆಗಬೇಕಿತ್ತು. ಆಗಲಿಲ್ಲ. 1926ರ ಆರಂಭದಲ್ಲಿ ಕಾಟನ್ ಎದುರಿಗೇ ಅದರ ಚರ್ಚೆ ಆಯ್ತು. ಅವನು ಒಪ್ಪಲಿಲ್ಲ. ಮೇಯರ್ ಫೈಲು ಮುಚ್ಚಿಟ್ಟ. 1933ರಲ್ಲಿ ಕಾಟನ್ ಹೃದಯಾಘಾತದಿಂದ ತೀರಿಕೊಂಡಾಗ ಇದೇ ಮೇಯರ್ ಅವನನ್ನ ಹೊಗಳಿ ಶ್ರದ್ಧಾಂಜಲಿ ಬರೆದ. ಆಂಡ್ರೂ ಸ್ಕಲ್ ಅನ್ನೋ ವಿದ್ವಾಂಸರು ಹಳೆಯ ದಾಖಲೆ ಕೆದಕಿ 2005ರಲ್ಲಿ ಪುಸ್ತಕ ಬರೆದ ಮೇಲೇ ಈ ಕಥೆ ನಮ್ಮಂಥವರಿಗೆ ವಿವರವಾಗಿ ಗೊತ್ತಾಗಿದ್ದು.

ಕಾಟನ್ ಒಬ್ಬ ರಾಕ್ಷಸ ಅಂದುಬಿಟ್ರೆ ಕಥೆ ಸುಲಭ. ಆದ್ರೆ ಅವನು ತನ್ನ ಹಲ್ಲನ್ನೂ ಕೀಳಿಸಿಕೊಂಡಿದ್ದ, ತನ್ನ ಮಕ್ಕಳ ಹಲ್ಲನ್ನೂ ಕೀಳಿಸಿದ್ದ. ಅಂದ್ರೆ ಅವನು ಮನಸಾರೆ ನಂಬಿದ್ದ. ನನಗೆ ಹೆದರಿಕೆ ಆಗೋದು ಅಲ್ಲೇ. ಪ್ರಾಮಾಣಿಕವಾಗಿ ನಂಬಿದವನ ಲೆಕ್ಕವೂ ತಪ್ಪಿರಬಹುದು, ಅದಕ್ಕೇ ಬೇರೆಯವರು ಎಣಿಸಬೇಕು.

ಈಗ ನಮ್ಮ ಕಾಲಕ್ಕೆ ಬರೋಣ. 1990ರ ದಶಕದ ಆರಂಭದಲ್ಲಿ ಸಣ್ಣ ತೂತುಗಳ ಮೂಲಕ, ಕ್ಯಾಮೆರಾ ಬಿಟ್ಟು ಕರುಳು ತೆಗೆಯೋದು ಶುರುವಾಯ್ತು. ಲ್ಯಾಪರೋಸ್ಕೋಪಿ. ಗಾಯ ಚಿಕ್ಕದು, ನೋವು ಕಮ್ಮಿ. ಎಲ್ಲರಿಗೂ ಖುಷಿ. ಅಷ್ಟರಲ್ಲಿ ಒಂದು ಭಯ ಹುಟ್ಟಿತು: ಕ್ಯಾನ್ಸರ್ ಆ ತೂತಿನ ಜಾಗದಲ್ಲೇ ಮತ್ತೆ ಹುಟ್ಟುತ್ತಿದೆ ಅಂತ ಕೆಲವು ವರದಿ ಬಂದವು. ಈ ಸಲ ಸರ್ಜನ್‌ಗಳು ಎಣಿಸೋಕೆ ಕೂತರು. ಅಮೆರಿಕ ಮತ್ತು ಕೆನಡಾದ 48 ಸಂಸ್ಥೆಗಳು, ಕರುಳಿನ ಕ್ಯಾನ್ಸರ್‌ನ 872 ರೋಗಿಗಳು. ಯಾರಿಗೆ ಹಳೆ ಪದ್ಧತಿ, ಯಾರಿಗೆ ಹೊಸದು ಅನ್ನೋದು ಚೀಟಿ ಎತ್ತಿದ ಹಾಗೆ ನಿರ್ಧಾರ. ಭಾಗವಹಿಸುವ ಸರ್ಜನ್ ಮೊದಲೇ 20 ಇಂಥ ಆಪರೇಷನ್ ಮಾಡಿರಬೇಕು, ಎಡಿಟ್ ಮಾಡದ ವಿಡಿಯೋ ತೋರಿಸಬೇಕು. 2004ರಲ್ಲಿ ಫಲಿತಾಂಶ ಬಂತು. ಮೂರು ವರ್ಷದಲ್ಲಿ ಕ್ಯಾನ್ಸರ್ ಮರಳಿದ್ದು ಹೊಸ ಪದ್ಧತಿಯಲ್ಲಿ ನೂರಕ್ಕೆ 16, ಹಳೆಯದರಲ್ಲಿ 18. ಅಂದ್ರೆ ಹೆಚ್ಚುಕಡಿಮೆ ಸಮ. ಆಸ್ಪತ್ರೆವಾಸ ಆರು ದಿನದಿಂದ ಐದಕ್ಕೆ ಇಳೀತು. ಚಮತ್ಕಾರ ಏನಿಲ್ಲ, ಒಂದೇ ದಿನದ ಲಾಭ. ಆದ್ರೆ ನಂಬಬಹುದಾದ ಒಂದು ದಿನ.

ತೀರಾ ಈಚಿನದು 2025ರ ಜೂನ್‌ನಲ್ಲಿ ಬಂದ ಅಧ್ಯಯನ. ಕರುಳಿನ ಆಪರೇಷನ್, ಕೀಮೋ ಎರಡೂ ಮುಗಿಸಿದ 889 ಜನ, ಹೆಚ್ಚಿನವರು ಕೆನಡಾ ಮತ್ತು ಆಸ್ಟ್ರೇಲಿಯಾದವರು. ಅರ್ಧ ಜನಕ್ಕೆ ಆರೋಗ್ಯದ ಪುಸ್ತಿಕೆ ಮಾತ್ರ. ಇನ್ನರ್ಧ ಜನಕ್ಕೆ ಅದರ ಜೊತೆ ಮೂರು ವರ್ಷ ತರಬೇತುದಾರರ ಸಹಾಯದಿಂದ ವ್ಯಾಯಾಮ, ಎಷ್ಟೋ ಜನಕ್ಕೆ ಅದು ಬಿರುಸು ನಡಿಗೆ. ಎಂಟು ವರ್ಷದ ನಂತರ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 90, ಪುಸ್ತಿಕೆ ಗುಂಪಿನಲ್ಲಿ 83. ವ್ಯಾಯಾಮದವರಿಗೆ ಕೀಲು, ಸ್ನಾಯು ನೋವು ಜಾಸ್ತಿ ಬಂತು. ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ಅದನ್ನ ಓದಿದಾಗ ನನಗೆ ಗ್ರೀನಕರ್ ನೆನಪಾದಳು.

ಇಷ್ಟೆಲ್ಲ ಆದ್ಮೇಲೂ ನನ್ನ ಫೋನಿನಲ್ಲಿ ದಿನಕ್ಕೊಂದು ರೀಲ್ ಬರುತ್ತೆ: ನಿಮ್ಮ ಕರುಳಲ್ಲಿ ವಿಷ ತುಂಬಿದೆ, ಈ ಪುಡಿ ಕುಡೀರಿ, ಡಿಟಾಕ್ಸ್ ಮಾಡಿ. ನೂರು ವರ್ಷದ ಹಿಂದೆ ಸೋತ ಅದೇ ಸಿದ್ಧಾಂತ, ಹೊಸ ಪ್ಯಾಕೆಟ್. ಮುಂದಿನ ಸಲ ಅಂಥದ್ದು ಕಂಡ್ರೆ ಚಿಕ್ಕಪ್ಪನ ಪ್ರಶ್ನೆ ಕೇಳಿ. ನೂರು ಜನ ಕುಡಿದ್ರೆ ಎಷ್ಟು ಜನಕ್ಕೆ ಏನಾಯ್ತು? ಎಣಿಸಿದ್ದು ಯಾರು? ಮಾರುವವನೇನಾ?

ಚಿಕ್ಕಪ್ಪ ಆರಾಮಾಗಿದ್ದಾರೆ. ಅವರಿಗೂ ಕೀಮೋ ಆಗಿತ್ತು. ಈ ಅಧ್ಯಯನದ ಬಗ್ಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "83, 90... ಏಳು ಜನದ ವ್ಯತ್ಯಾಸ ಅಲ್ವೇನಪ್ಪ" ಅಂದ್ರು. ಹೌದು ಅಂದೆ. ಈಗ ಡಾಕ್ಟರನ್ನ ಕೇಳಿಕೊಂಡು ದಿನಾ ಬೆಳಿಗ್ಗೆ ನಡೀತಾರೆ. ಎಷ್ಟು ಸುತ್ತು ಹಾಕಿದ್ರು ಅಂತ ಹಳೆಯ ಮಂಡಿ ಪುಸ್ತಕದ ಖಾಲಿ ಪುಟದಲ್ಲಿ ಬರೆದಿಡ್ತಾರೆ. ಹೋಗದ ದಿನ ಸೊನ್ನೆ ಹಾಕ್ತಾರೆ. ಆ ಸೊನ್ನೆಗಳನ್ನ ನೋಡಿದ್ರೆ ನನಗೆ ಅವರ ಲೆಕ್ಕದ ಮೇಲೆ ನಂಬಿಕೆ ಬರುತ್ತೆ.

ಇವತ್ತಿಗೆ ಇಷ್ಟು. ಮತ್ತೆ ಸಿಗೋಣ.