ಕೆಫಿಯೆ

ಅರಬ್ ನಾಡುಗಳಲ್ಲಿ ಗಂಡಸರು ತಲೆಗೆ ಹೊದೆಯುವ ಚೌಕಾಕಾರದ ವಸ್ತ್ರ. ಸಾಮಾನ್ಯವಾಗಿ ಹತ್ತಿಯದು, ಒಂದೊಂದು ಬದಿಯೂ ಸುಮಾರು ಒಂದೂಕಾಲು ಮೀಟರ್. ಇದನ್ನು ಮೂಲೆಯಿಂದ ಮೂಲೆಗೆ ಮಡಿಸಿ ಮುಕ್ಕೋನ ಮಾಡಿ, ಮಡಿಕೆ ಹಣೆಯ ಮೇಲೆ ಬರುವಂತೆ ಹೊದ್ದು, ಜಾರದಂತೆ ಅಗಾಲ್ ಎಂಬ ಕಪ್ಪು ಹುರಿಯನ್ನು ಮೇಲೆ ಕೂರಿಸುತ್ತಾರೆ. ಬಿಸಿಲಿಗೆ ಕತ್ತನ್ನೂ ಮರಳುಗಾಳಿಗೆ ಮೂಗು ಬಾಯಿಗಳನ್ನೂ ಮುಚ್ಚಿಕೊಳ್ಳಬಹುದು. ಮರುಭೂಮಿಯ ರಾತ್ರಿಯ ಚಳಿಗೆ ಹೊದಿಕೆಯೂ ಆಗುತ್ತದೆ. ಇರಾಕಿನ ಕೂಫಾ ನಗರದಿಂದ ಈ ಹೆಸರು ಬಂದಿರಬೇಕೆಂಬುದು ರೂಢಿಯ ಅಭಿಪ್ರಾಯ. ಪ್ಯಾಲೆಸ್ಟೀನಿನಲ್ಲಿ ಇದನ್ನು ಹತ್ತಾ ಎಂದೂ ಜೋರ್ಡಾನಿನಲ್ಲಿ ಶಮಾಗ್ ಎಂದೂ ಕರೆಯುವುದುಂಟು. ಕೊಲ್ಲಿ ನಾಡುಗಳವರು ಅಚ್ಚ ಬಿಳಿಯದನ್ನು ಘುತ್ರಾ ಎನ್ನುತ್ತಾರೆ.

ಕೆಫಿಯೆಯ ಮೂಲವನ್ನು ಐದು ಸಾವಿರ ವರ್ಷ ಹಿಂದಕ್ಕೆ, ಸುಮೇರಿಯದ ಪುರೋಹಿತರ ತಲೆಯುಡುಗೆಯವರೆಗೆ ಒಯ್ಯುವ ಕಥನಗಳು ಪ್ರಚಾರದಲ್ಲಿವೆ. ಹಳೆಯ ಶಿಲ್ಪಗಳ ಟೋಪಿಯ ವಿನ್ಯಾಸಕ್ಕೂ ಇಂದಿನ ಬಟ್ಟೆಯ ವಿನ್ಯಾಸಕ್ಕೂ ಕಾಣುವ ಹೋಲಿಕೆಯೊಂದೇ ಇದಕ್ಕೆ ಆಧಾರ. ನಡುವಿನ ಸಹಸ್ರಾರು ವರ್ಷಗಳನ್ನು ಕೂಡಿಸುವ ಪುರಾವೆ ಇಲ್ಲ. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಈ ವಸ್ತ್ರಕ್ಕೆ ಇಂದಿರುವ ತೂಕವೆಲ್ಲ ಕಳೆದ ನೂರು ವರ್ಷಗಳಲ್ಲಿ ಬಂದದ್ದು, ಮತ್ತು ಅದನ್ನು ತಂದುಕೊಟ್ಟವರು ಯಾರೆಂಬುದು ಸ್ಪಷ್ಟವಾಗಿ ತಿಳಿದಿದೆ.

ಆಟೊಮನ್ ಆಳ್ವಿಕೆಯ ಕೊನೆಯ ಕಾಲದಲ್ಲಿ ತಲೆಯ ಮೇಲಿನ ಬಟ್ಟೆ ನೋಡಿದರೆ ಆಳಿನ ಅಂತಸ್ತು ತಿಳಿಯುತ್ತಿತ್ತು. ಪಟ್ಟಣದ ಓದುಬರಹ ಬಲ್ಲವರು, ಅಧಿಕಾರಿಗಳು, ವಕೀಲರು, ಅಂದರೆ ಎಫೆಂದಿಗಳು, ಕೆಂಪು ತರ್ಬೂಷ್ ಟೋಪಿ ಹಾಕುತ್ತಿದ್ದರು. ಕೆಫಿಯೆ ಬೆದೂಯಿನರದು ಮತ್ತು ಹಳ್ಳಿಯ ರೈತರದು. ಪಟ್ಟಣಿಗರಿಗೆ ಅದು ಹಿಂದುಳಿದವರ ಗುರುತಾಗಿತ್ತು. ಮೊದಲ ಮಹಾಯುದ್ಧದಲ್ಲಿ ಆಟೊಮನರ ವಿರುದ್ಧ ಎದ್ದ ಅರಬ್ ದಂಗೆಯ ಜೊತೆಗಿದ್ದ ಬ್ರಿಟಿಷ್ ಅಧಿಕಾರಿ ಟಿ. ಇ. ಲಾರೆನ್ಸ್ ಇದನ್ನು ತೊಟ್ಟದ್ದು, 1919ರ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಆ ದಂಗೆಯ ನಾಯಕ ರಾಜಕುಮಾರ ಫೈಸಲ್ ಅರಬ್ ತಲೆಯುಡುಗೆಯಲ್ಲೇ ಹೋದದ್ದು ಜಗತ್ತಿನ ಕಣ್ಣಿಗೆ ಬಿದ್ದವು ನಿಜ. ಆದರೆ ಊರೊಳಗಿನ ಮೇಲು ಕೀಳು ಅದರಿಂದ ಕದಲಲಿಲ್ಲ.

ಅದು ಕದಲಿದ್ದು 1936ರಿಂದ 1939ರವರೆಗೆ ಬ್ರಿಟಿಷ್ ಆಡಳಿತದ ವಿರುದ್ಧ ಪ್ಯಾಲೆಸ್ಟೀನಿನಲ್ಲಿ ನಡೆದ ದಂಗೆಯಲ್ಲಿ. ಸಾರ್ವತ್ರಿಕ ಮುಷ್ಕರದಿಂದ ಶುರುವಾದ ಚಳವಳಿ ಬೇಗನೆ ಹಳ್ಳಿಗಳಿಗೆ ಹಬ್ಬಿ ಸಶಸ್ತ್ರ ಹೋರಾಟವಾಯಿತು. ಹೋರಾಟಗಾರರಲ್ಲಿ ಹೆಚ್ಚಿನವರು ಕೆಫಿಯೆ ತೊಡುವ ರೈತರು. ಅವರು ಪಟ್ಟಣಕ್ಕೆ ಕಾಲಿಟ್ಟರೆ ಸಾಕು, ತಲೆಯ ಬಟ್ಟೆ ನೋಡಿಯೇ ಸೈನಿಕರು ಹಿಡಿಯುತ್ತಿದ್ದರು. 1938ರ ಆಗಸ್ಟ್ ಕೊನೆಯಲ್ಲಿ ದಂಗೆಯ ನಾಯಕರು ಒಂದು ಆಜ್ಞೆ ಹೊರಡಿಸಿದರು: ಪಟ್ಟಣದ ಅರಬ್ ಗಂಡಸರೆಲ್ಲ ತರ್ಬೂಷ್ ತೆಗೆದು ಕೆಫಿಯೆ ಮತ್ತು ಅಗಾಲ್ ತೊಡಬೇಕು. ಕೆಲವೇ ದಿನಗಳಲ್ಲಿ ಬೀದಿಗಳ ಚಹರೆ ಬದಲಾಯಿತು. ವ್ಯಾಪಾರಿ, ವಕೀಲ, ಮೇಷ್ಟ್ರು, ಮುಸ್ಲಿಮ, ಕ್ರೈಸ್ತ, ಎಲ್ಲರ ತಲೆಯ ಮೇಲೂ ರೈತನ ಬಟ್ಟೆ. ಸೈನಿಕನಿಗೆ ದಂಗೆಕೋರನಾರು, ಗುಮಾಸ್ತನಾರು ಎಂಬುದೇ ತಿಳಿಯದಾಯಿತು. ಎಲ್ಲರೂ ಮನಸಾರೆ ತೊಟ್ಟರೆಂದು ಹೇಳಲಾಗದು. ಹಳ್ಳಿಗರ ಆಜ್ಞೆಗೆ ತಲೆಬಾಗಬೇಕಾಯಿತಲ್ಲ ಎಂಬ ಕಸಿವಿಸಿ ಸಿರಿವಂತ ಎಫೆಂದಿಗಳಲ್ಲಿತ್ತು, ದಂಗೆ ಅಡಗಿದ ಮೇಲೆ ಹಲವರು ತರ್ಬೂಷಿಗೆ ಮರಳಿದರು ಕೂಡ. ಆದರೂ ಕೆಫಿಯೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ. ಕೀಳೆಂದು ಕಂಡಿದ್ದ ಉಡುಗೆಯನ್ನು ಇಡೀ ಸಮಾಜವೇ ಧರಿಸಿ ತನ್ನವರನ್ನು ಕಾಪಾಡಿದ್ದು ಜನರ ನೆನಪಿನಲ್ಲಿ ಉಳಿಯಿತು.

ಅದೇ ದಶಕದಲ್ಲಿ, ಜೋರ್ಡಾನ್ ನದಿಯ ಆಚೆ ದಡದಲ್ಲಿ, ಕೆಂಪು ಬಿಳಿ ಚೌಕಳಿಯ ಶಮಾಗ್ ಸರ್ಕಾರಿ ಸಮವಸ್ತ್ರದ ಭಾಗವಾಯಿತು. ಬ್ರಿಟಿಷ್ ಅಧಿಕಾರಿ ಜಾನ್ ಗ್ಲಬ್ ಬೆದೂಯಿನರನ್ನು ಸೇರಿಸಿ ಕಟ್ಟಿದ ಮರುಭೂಮಿ ಗಸ್ತುಪಡೆ ಇದನ್ನು ತೊಟ್ಟಿತು. ಇಂದಿಗೂ ಕೆಂಪು ಶಮಾಗ್ ಜೋರ್ಡಾನಿನ ರಾಷ್ಟ್ರೀಯ ಹೆಮ್ಮೆಯ ಗುರುತು. ಅದರ ಅಂಚಿಗೆ ಹೆಂಗಸರು ಕೈಯಿಂದ ಹಾಕುವ ಬಿಳಿ ಕುಚ್ಚುಗಳು ಹೆಸರುವಾಸಿ. ಕಪ್ಪು ಬಿಳಿಯದು ಪ್ಯಾಲೆಸ್ಟೀನಿಯರದು, ಕೆಂಪು ಬಿಳಿಯದು ಜೋರ್ಡಾನಿಯರದು ಎಂಬ ವಿಂಗಡಣೆ ಸ್ಥೂಲವಾಗಿ ಸರಿ, ಆದರೆ ಅದು ನಿಯಮವಲ್ಲ. ಪ್ಯಾಲೆಸ್ಟೀನಿನ ಎಡಪಕ್ಷಗಳ ಕಾರ್ಯಕರ್ತರು ಕೆಂಪನ್ನು ತೊಟ್ಟದ್ದುಂಟು; ದಕ್ಷಿಣ ಇರಾಕಿನಲ್ಲಿ ಕಪ್ಪು ಬಿಳಿಯದು ಬಳಕೆಯಲ್ಲಿದೆ; ಸೌದಿಯಲ್ಲಿ ಕೆಂಪು ಮತ್ತು ಅಚ್ಚ ಬಿಳಿ ಎರಡೂ ಸಾಮಾನ್ಯ.

1948ರಲ್ಲಿ, ಇಸ್ರೇಲ್ ಸ್ಥಾಪನೆಯ ಸಮಯದ ಯುದ್ಧದಲ್ಲಿ, ಲಕ್ಷಾಂತರ ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡರು. 1960ರ ದಶಕದ ಗೆರಿಲ್ಲಾ ಹೋರಾಟಗಾರರು ತಾತಂದಿರ ದಂಗೆಯ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡರು. ಪ್ಯಾಲೆಸ್ಟೀನಿಯರ ನಾಯಕ ಯಾಸರ್ ಅರಾಫತ್ ಕಪ್ಪು ಬಿಳಿ ಕೆಫಿಯೆಯನ್ನು ಬಿಟ್ಟು ಹೊರಗೆ ಕಾಣಿಸಿಕೊಂಡದ್ದೇ ಅಪರೂಪ. ಬಲಭುಜದ ಮೇಲೆ ಇಳಿಬಿಟ್ಟ ಅದರ ತುದಿ ಪ್ಯಾಲೆಸ್ಟೀನಿನ ಭೂಪಟದ ಆಕಾರದಲ್ಲಿದೆ ಎಂದು ಜನ ಹೇಳುತ್ತಿದ್ದರು. 1974ರ ನವೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಧಿವೇಶನದಲ್ಲಿ ಅವರು ಮಾತಾಡಿದ್ದೂ ಇದೇ ಉಡುಗೆಯಲ್ಲಿ. ಅದಕ್ಕೂ ಮೊದಲೇ, 1969ರಲ್ಲಿ ವಿಮಾನ ಅಪಹರಿಸಿದ ಲೈಲಾ ಖಾಲಿದ್ ಕೆಫಿಯೆ ಹೊದ್ದ ಚಿತ್ರ ಲೋಕವನ್ನೆಲ್ಲ ಸುತ್ತಿತ್ತು. ಅಲ್ಲಿಯವರೆಗೆ ಗಂಡಸರ ಉಡುಗೆಯಾಗಿದ್ದದ್ದು ಹೆಂಗಸರ ಹೆಗಲಿಗೂ ಬಂತು. ಅದೇ ಚಿತ್ರ ಕೆಫಿಯೆಗೆ ಭಯೋತ್ಪಾದನೆಯ ಹಣೆಪಟ್ಟಿ ಹಚ್ಚುವವರಿಗೂ ಆಧಾರವಾಯಿತು. ಹೋರಾಟದ ಗುರುತು, ಭಯೋತ್ಪಾದನೆಯ ಗುರುತು ಎಂಬ ಎರಡು ನೋಟಗಳ ತಿಕ್ಕಾಟ ಇನ್ನೂ ಮುಗಿದಿಲ್ಲ. 1967ರ ಯುದ್ಧದ ಬಳಿಕ ತಾನು ಆಕ್ರಮಿಸಿದ ಪ್ರದೇಶಗಳಲ್ಲಿ ಇಸ್ರೇಲ್ ಪ್ಯಾಲೆಸ್ಟೀನಿ ಧ್ವಜವನ್ನು ನಿರ್ಬಂಧಿಸಿದಾಗ ಬಾವುಟದ ಜಾಗದಲ್ಲಿ ಈ ಬಟ್ಟೆ ನಿಂತಿತು. 1987ರಲ್ಲಿ ಶುರುವಾದ ಮೊದಲ ಇಂತಿಫಾದಾ ದಂಗೆಯಲ್ಲಿ ಹುಡುಗರು ಗುರುತು ಸಿಗದಂತೆ ಮುಖಕ್ಕೆ ಸುತ್ತಿಕೊಂಡದ್ದೂ ಇದನ್ನೇ. ಮದುವೆ ಮನೆಯ ದಬ್ಕೆ ಕುಣಿತದಲ್ಲಿ ಕೈಯಲ್ಲಿ ಬೀಸುವುದೂ ಇದನ್ನೇ ಎಂಬುದನ್ನು ಸುದ್ದಿಚಿತ್ರಗಳಷ್ಟೇ ನೋಡುವವರು ಮರೆಯಬಾರದು.

ಕಪ್ಪು ಬಿಳಿ ಕೆಫಿಯೆಯ ನೇಯ್ಗೆಯಲ್ಲಿ ಮೂರು ವಿನ್ಯಾಸಗಳು ಕಾಣುತ್ತವೆ. ನಡುವಿನ ಜಾಲವನ್ನು ಮೆಡಿಟರೇನಿಯನ್ ಕಡಲ ಮೀನುಗಾರರ ಬಲೆಯೆಂದೂ, ಅಂಚಿನ ದಪ್ಪ ಗೆರೆಗಳನ್ನು ವ್ಯಾಪಾರದ ದಾರಿಗಳೆಂದೂ, ಎಲೆಯಂಥ ಅಲೆಗಳನ್ನು ಆಲಿವ್ ಮರದ ಎಲೆಗಳೆಂದೂ ಓದುವುದು ವಾಡಿಕೆ. ನೇಕಾರರು ಮೊದಲಿಗೆ ಇದನ್ನೆಲ್ಲ ಎಣಿಸಿ ನೇಯ್ದರೆನ್ನುವುದಕ್ಕೆ ದಾಖಲೆಯಿಲ್ಲ. ಈ ಅರ್ಥಗಳು ಈಚಿನವು. ಆದರೆ ಆಲಿವ್ ತೋಟ ಮತ್ತು ಕಡಲು ಎರಡನ್ನೂ ಕಳೆದುಕೊಂಡ ಜನ ಅವನ್ನು ಬಟ್ಟೆಯಲ್ಲಿ ಕಂಡುಕೊಂಡದ್ದೂ ಚರಿತ್ರೆಯೇ.

ನೇಯ್ಗೆಯ ಕಥೆ ಪ್ಯಾಲೆಸ್ಟೀನಿನ ಹೆಬ್ರಾನ್ ನಗರದ ಹಿರ್ಬಾವಿ ಕಾರ್ಖಾನೆಯದು. ಯಾಸರ್ ಹಿರ್ಬಾವಿ 1961ರಲ್ಲಿ ಜಪಾನಿನಿಂದ ಸುಜುಕಿ ಮಗ್ಗಗಳನ್ನು ತರಿಸಿ ಇದನ್ನು ಆರಂಭಿಸಿದರು. ಇಂದು ಕಾರು, ಬೈಕುಗಳಿಗೆ ಹೆಸರಾದ ಸುಜುಕಿ ಹುಟ್ಟಿದ್ದು ಮಗ್ಗದ ಕಂಪನಿಯಾಗಿ. 1990ರ ದಶಕದಲ್ಲಿ ಆಮದಿಗೆ ಬಾಗಿಲು ತೆರೆದಾಗ ಚೀನಾದ ಅಗ್ಗದ ಕೆಫಿಯೆಗಳು ಮಾರುಕಟ್ಟೆ ತುಂಬಿದವು, ಹಿರ್ಬಾವಿಯ ಮಗ್ಗಗಳಲ್ಲಿ ಹೆಚ್ಚಿನವು ಸ್ತಬ್ಧವಾದವು. ಹೊರನಾಡುಗಳ ಬೆಂಬಲಿಗರ ಬೇಡಿಕೆಯಿಂದ ಕಾರ್ಖಾನೆ ಉಳಿದುಕೊಂಡಿತು. 2023ರ ಅಕ್ಟೋಬರ್ ನಂತರ, ಗಾಜಾ ಯುದ್ಧದ ದಿನಗಳಲ್ಲಿ, ಬಂದ ಬೇಡಿಕೆಯನ್ನು ಪೂರೈಸಲಾಗದ ಸ್ಥಿತಿ ಬಂತು.

ಫ್ಯಾಷನ್ ಲೋಕ ಕೆಫಿಯೆಯನ್ನು ಅರ್ಥ ಕಳಚಿ ಬಳಸಲು ಹಲವು ಸಲ ನೋಡಿದೆ. 2007ರಲ್ಲಿ ಅಮೆರಿಕದ ಅರ್ಬನ್ ಔಟ್‌ಫಿಟರ್ಸ್ ಇದನ್ನು ಯುದ್ಧವಿರೋಧಿ ಸ್ಕಾರ್ಫ್ ಎಂದು ಮಾರಲು ಹೋಗಿ ಟೀಕೆಗೆ ಮಣಿದು ಹಿಂತೆಗೆದುಕೊಂಡಿತು. 2021ರಲ್ಲಿ ಲೂಯಿ ವಿಟಾನ್ ತನ್ನ ಮುದ್ರೆಯೊತ್ತಿದ ಕೆಫಿಯೆಗೆ 705 ಡಾಲರ್ ಬೆಲೆ ಕಟ್ಟಿ ಅದೇ ಬಗೆಯ ಟೀಕೆ ಎದುರಿಸಿತು. ಇನ್ನೊಂದೆಡೆ ನಿಷೇಧಗಳು. 2024ರಲ್ಲಿ ಕೆನಡಾದ ಒಂಟಾರಿಯೊ ಶಾಸನಸಭೆಯ ಸ್ಪೀಕರ್ ಕೆಫಿಯೆಯನ್ನು ತಡೆದರು. ಅದೇ ವರ್ಷ ನ್ಯೂಯಾರ್ಕಿನ ನೊಗುಚಿ ವಸ್ತುಸಂಗ್ರಹಾಲಯ ಕೆಫಿಯೆ ಬಿಡಲೊಪ್ಪದ ನೌಕರರನ್ನು ಕೆಲಸದಿಂದ ತೆಗೆದಾಗ, ಲೇಖಕಿ ಝುಂಪಾ ಲಾಹಿರಿ ಆ ಸಂಸ್ಥೆಯ ಪ್ರಶಸ್ತಿಯನ್ನು ಒಲ್ಲೆನೆಂದರು.

ಕನ್ನಡನಾಡಿನವರಿಗೆ ಈ ಬಟ್ಟೆ ಪರಿಚಯವಾದದ್ದು ಮುಖ್ಯವಾಗಿ ಕೊಲ್ಲಿಯ ದುಡಿಮೆ ಮತ್ತು ಹಜ್ ಯಾತ್ರೆಯ ಮೂಲಕ. ಭಟ್ಕಳ, ಉಡುಪಿ, ಮಂಗಳೂರಿನ ಕಡೆಯ ಮನೆಗಳಿಗೆ ಅದು ಉಡುಗೊರೆಯಾಗಿ ಬರುತ್ತದೆ, ಹೆಗಲಿಗೋ ತಲೆಗೋ ಏರುತ್ತದೆ. ಅಲ್ಲಿ ಅದಕ್ಕೆ ಧಾರ್ಮಿಕ ಗೌರವದ ಛಾಯೆ ಇದೆ. ಆದರೆ ಕೆಫಿಯೆ ಇಸ್ಲಾಂ ವಿಧಿಸಿದ ಉಡುಪಲ್ಲ. ಅರಬ್ ಕ್ರೈಸ್ತರೂ ತೊಡುವ ನಾಡುಡುಗೆ. ಹೊರಗಿನವರು ಇದನ್ನು ತೊಟ್ಟರೆ ಪ್ಯಾಲೆಸ್ಟೀನಿಯರಲ್ಲಿ ಹೆಚ್ಚಿನವರು ಬೇಸರಿಸುವುದಿಲ್ಲ, ಸ್ವಾಗತಿಸುತ್ತಾರೆ. ವೇಷದ ಪಾರ್ಟಿಗೆ ತಮಾಷೆಯಾಗಿ ತೊಡುವುದು ಮಾತ್ರ ಅವಮಾನ. ಕೊಳ್ಳುವವರು ಅದನ್ನು ಎಲ್ಲಿ, ಯಾರು ನೇಯ್ದರೆಂದು ಕೇಳಿ ಕೊಳ್ಳಬೇಕು. ಹೆಬ್ರಾನಿನ ಮಗ್ಗಗಳು ನಿಲ್ಲದಿರುವುದು ಆ ವಿಚಾರಣೆಯನ್ನೇ ನೆಚ್ಚಿಕೊಂಡಿದೆ.