ಮಳೆಗಾಲ ಮತ್ತು ತಾಳಮದ್ದಳೆ

ಕರಾವಳಿ ಕರ್ನಾಟಕದಲ್ಲಿ ಯಕ್ಷಗಾನ ಬಯಲಾಟದ ತಿರುಗಾಟವನ್ನು ನಿರ್ಧರಿಸುವುದು ಮಳೆ. ತುಳು ಪಂಚಾಂಗದ ಬೇಶ ತಿಂಗಳ 10ನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ 24ರ ಸುಮಾರಿಗೆ, ಬಹುತೇಕ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬಯಲಿನ ಆಟ ಮತ್ತೆ ಆರಂಭವಾಗುವುದು ದೀಪಾವಳಿಯ ಬಳಿಕ.

ಈ ನಡುವೆ ಕಲೆಯು ಸೂರಿನಡಿಗೆ ಬರುತ್ತದೆ. ವೇಷ, ಕುಣಿತಗಳಿಲ್ಲದ ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡಿದಂತೆ ಅರ್ಥಧಾರಿಗಳು ಕುಳಿತಲ್ಲಿಯೇ ಆಶುಮಾತಿನಿಂದ ಪಾತ್ರವನ್ನು ಕಟ್ಟುತ್ತಾರೆ. ಚಿಕ್ಕಮೇಳಗಳು ಸಂಜೆ ಮನೆಮನೆಗೆ ತೆರಳಿ ಪ್ರಸಂಗದ ತುಣುಕುಗಳನ್ನು ಆಡುತ್ತವೆ. ತಿರುಗಾಟವಿಲ್ಲದ ತಿಂಗಳುಗಳಲ್ಲಿ ಅನೇಕ ಕಲಾವಿದರಿಗೆ ಇದೇ ಜೀವನಾಧಾರ.

ಊರಿನ ತಂಡಗಳು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ಕಾರ್ಯಕ್ರಮ ನೀಡುವುದೂ ಹೆಚ್ಚಾಗಿ ಈ ದಿನಗಳಲ್ಲಿಯೇ. ಮಕ್ಕಳೊಡನೆ ಹೋಗಿ ಕೇಳಿದರೆ ಕಲಾವಿದರಿಗೆ ಆಸರೆಯಾಗುತ್ತದೆ, ಮಕ್ಕಳಿಗೆ ಅಚ್ಚಗನ್ನಡದ ಪರಿಚಯವೂ ಆಗುತ್ತದೆ.